ಲಾಗಿನ್ ಕೋಡ್ ಎಲ್ಲರಿಗೂ ಕಾಣುವಂತಿದ್ದರೆ ನಮ್ಮ ಖಾತೆಗೆ ಅಪಾಯವೇ?

‘ಗುರುತು ಪರಿಶೀಲಿಸುವ ಸಾಫ್ಟ್‌ವೇರ್‌ನ ಕೋಡ್ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತಿದೆ, ಎಚ್ಚರ!’ ಎಂಬ ಧಾಟಿಯ ಸಂದೇಶ ಗುಂಪಿಗೆ ಬಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಬೀಗದ ನಕ್ಷೆಯನ್ನೇ ಕಳ್ಳನ ಕೈಗೆ ಕೊಟ್ಟಂತಾಯಿತಲ್ಲ ಎನಿಸುವುದು ಸಹಜ. ಆದರೆ ಇಂಥ ಸಂದೇಶಗಳು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾಡಿಬಿಡುತ್ತವೆ: ಕೋಡ್, ಕೀ ಮತ್ತು ಮಾಹಿತಿ. ಇವುಗಳ ವ್ಯತ್ಯಾಸ ಗೊತ್ತಾದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದೂ ಗೊತ್ತಾಗುತ್ತದೆ.

ಕೋಡ್ ಬೇರೆ, ಕೀ ಬೇರೆ

ಕೋಡ್ ಎಂದರೆ ಬೀಗ ಹೇಗೆ ಕೆಲಸ ಮಾಡಬೇಕು ಎಂಬ ವಿವರ. ಕೀ ಎಂದರೆ ಆ ಬೀಗವನ್ನು ತೆರೆಯುವ ಗುಟ್ಟು: ನಿಮ್ಮ ಪಾಸ್‌ವರ್ಡ್, ಒಟಿಪಿ, ಅಥವಾ ಸರ್ವರ್‌ನಲ್ಲಿ ಭದ್ರವಾಗಿಟ್ಟಿರುವ ಒಂದು ಭಾರಿ ದೊಡ್ಡ ಸಂಖ್ಯೆ. ಮಾಹಿತಿ ಎಂದರೆ ಬಾಗಿಲ ಒಳಗಿರುವುದು: ನಿಮ್ಮ ಹೆಸರು, ವಿಳಾಸ, ಬೆರಳಚ್ಚು.

ಒಂದೇ ಮಾದರಿಯ ಬೀಗ ಸಾವಿರಾರು ಮನೆಗಳಲ್ಲಿರುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ರಿಪೇರಿ ಮಾಡುವವರಿಗೆಲ್ಲ ಗೊತ್ತು. ಆದರೂ ನಿಮ್ಮ ಮನೆಯ ಬಾಗಿಲು ತೆರೆಯಲು ನಿಮ್ಮ ಮನೆಯ ಕೀಲಿಕೈಯೇ ಬೇಕು. ಗೂಢಲಿಪಿ ಶಾಸ್ತ್ರದಲ್ಲಿ ಈ ಮಾತನ್ನು ಆಗುಸ್ತ್ ಕೆರ್ಕಾಫ್ಸ್ 1883ರಲ್ಲೇ ಬರೆದಿದ್ದರು. ಶತ್ರುವಿಗೆ ವ್ಯವಸ್ಥೆಯ ವಿವರವೆಲ್ಲ ತಿಳಿದರೂ ಕೀ ತಿಳಿಯದಿದ್ದರೆ ಅದು ಭದ್ರವಾಗಿರಬೇಕು ಎಂಬುದು ಅವರ ಮಾತಿನ ಸಾರ. ಇಂದಿನ ಬ್ಯಾಂಕಿಂಗ್, ಯುಪಿಐ, ವಾಟ್ಸಾಪ್‌ಗಳಲ್ಲಿ ಬಳಸುವ ಗೂಢಲಿಪಿ ವಿಧಾನಗಳೂ ಬಹಿರಂಗವಾಗಿ ಪ್ರಕಟವಾದವೇ.

ಲೈಬ್ರರಿ ಎಂದರೇನು?

ಇಲ್ಲಿ ಲೈಬ್ರರಿ ಎಂದರೆ ಪುಸ್ತಕಾಲಯವಲ್ಲ, ಹಲವು ಆ್ಯಪ್‌ಗಳು ಬಳಸಬಹುದಾದ ಸಿದ್ಧ ಕೋಡ್. ಪಾಸ್‌ವರ್ಡ್ ಸರಿಯಿದೆಯೇ, ಡಿಜಿಟಲ್ ಸಹಿ ನಿಜವೇ, ಈ ಲಾಗಿನ್ ಕೋರಿಕೆ ನಿಜವಾದ ಫೋನಿನಿಂದಲೇ ಬಂದಿದೆಯೇ ಎಂದು ನೋಡುವ ಕೆಲಸವನ್ನು ಪ್ರತಿ ಕಂಪನಿಯೂ ಮೊದಲಿನಿಂದ ಬರೆಯುತ್ತ ಕೂತರೆ ಪ್ರತಿಯೊಬ್ಬರೂ ಅದೇ ತಪ್ಪುಗಳನ್ನು ಮಾಡುತ್ತಾರೆ. ಹಾಗಾಗಿ ಒಬ್ಬರು ಬರೆದ ಲೈಬ್ರರಿಯನ್ನು ಓಪನ್ ಸೋರ್ಸ್ ಯೋಜನೆಗೆ ಕೊಡುತ್ತಾರೆ. ಉಳಿದವರು ಅದನ್ನು ಓದಿ, ಪರೀಕ್ಷಿಸಿ, ತಿದ್ದಿ ಬಳಸುತ್ತಾರೆ.

ಯಾರು ಏನು ಕಳಿಸಿದರೂ ಅದು ನೇರವಾಗಿ ಸೇರಿಬಿಡುತ್ತದೆ ಎಂದಲ್ಲ. ಯೋಜನೆಯ ನಿರ್ವಾಹಕರು ಸಾಲು ಸಾಲಾಗಿ ನೋಡುತ್ತಾರೆ, ಪರೀಕ್ಷೆಗಳು ನಡೆಯುತ್ತವೆ, ನಂತರವೇ ಒಪ್ಪಿಗೆ. ಯಾರು, ಯಾವಾಗ, ಏನು ಬದಲಿಸಿದರು ಎಂಬ ದಾಖಲೆಯೂ ಉಳಿಯುತ್ತದೆ.

ಬೆಂಗಳೂರಿನಲ್ಲೇ ಇದಕ್ಕೊಂದು ಉದಾಹರಣೆಯಿದೆ. ಐಐಐಟಿ ಬೆಂಗಳೂರಿನಲ್ಲಿ 2018ರಲ್ಲಿ ಶುರುವಾದ ‘ಮೋಸಿಪ್’ ಎಂಬ ಓಪನ್ ಸೋರ್ಸ್ ವೇದಿಕೆಯನ್ನು ಬಳಸಿ ದೇಶಗಳು ತಮ್ಮದೇ ರಾಷ್ಟ್ರೀಯ ಗುರುತಿನ ವ್ಯವಸ್ಥೆ ಕಟ್ಟಿಕೊಳ್ಳಬಹುದು. ಫಿಲಿಪೀನ್ಸ್ ಮತ್ತು ಮೊರಾಕ್ಕೊ ಇದನ್ನು ಮೊದಲು ಕೈಗೆತ್ತಿಕೊಂಡ ದೇಶಗಳಲ್ಲಿ ಸೇರಿವೆ. ಒಂದೇ ಖಾಸಗಿ ಕಂಪನಿಯ ಮರ್ಜಿಗೆ ಇಡೀ ದೇಶ ಸಿಕ್ಕಿಬೀಳಬಾರದು ಎಂಬುದು ಕೋಡ್ ತೆರೆದಿಡಲು ಮುಖ್ಯ ಕಾರಣ. ಗಮನಿಸಿ, ಇದು ಆಧಾರ್‌ನ ಕೋಡ್ ಅಲ್ಲ. ಜನರ ಮಾಹಿತಿಯೂ ಇದರಲ್ಲಿಲ್ಲ, ಅದು ಆಯಾ ದೇಶದ ಬಳಿಯೇ ಇರುತ್ತದೆ.

ಮುಚ್ಚಿಟ್ಟರೆ ಸುರಕ್ಷಿತವೇ?

ಎಸ್ಟೋನಿಯಾದ ಅನುಭವ ನೋಡೋಣ. ಅಲ್ಲಿನ ಜನ ಗುರುತಿನ ಚೀಟಿಯಿಂದಲೇ ಡಿಜಿಟಲ್ ಸಹಿ ಹಾಕುತ್ತಾರೆ, ಆನ್‌ಲೈನ್‌ನಲ್ಲಿ ಮತ ಚಲಾಯಿಸುತ್ತಾರೆ. 2014ರ ಅಕ್ಟೋಬರ್‌ನಿಂದ ಕೊಟ್ಟ ಚೀಟಿಗಳ ಚಿಪ್‌ನಲ್ಲಿ ಕೀ ತಯಾರಿಸುತ್ತಿದ್ದದ್ದು ಜರ್ಮನಿಯ ಇನ್ಫಿನಿಯನ್ ಕಂಪನಿಯ ಲೈಬ್ರರಿ. ಅದರ ಕೋಡ್ ಬಹಿರಂಗವಾಗಿರಲಿಲ್ಲ, ಚಿಪ್‌ಗೆ ಭದ್ರತಾ ಪ್ರಮಾಣಪತ್ರವೂ ಇತ್ತು. ಆದರೂ ಜೆಕ್ ಗಣರಾಜ್ಯದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಕೋಡ್ ನೋಡದೆಯೇ, ಅದು ತಯಾರಿಸಿದ ಕೀಗಳನ್ನಷ್ಟೇ ಪರಿಶೀಲಿಸಿ, 2017ರಲ್ಲಿ ಅದರ ದೋಷ ಹಿಡಿದರು. ಆ ಕೀಗಳು ಇರಬೇಕಾದಷ್ಟು ಅನಿರೀಕ್ಷಿತವಾಗಿರಲಿಲ್ಲ. ಸುಮಾರು 7.5 ಲಕ್ಷ ಚೀಟಿಗಳು ಅಪಾಯಕ್ಕೊಳಗಾದವು. 2017ರ ನವೆಂಬರ್‌ನಲ್ಲಿ ಸರ್ಕಾರ ಅವುಗಳ ಡಿಜಿಟಲ್ ಪ್ರಮಾಣಪತ್ರಗಳನ್ನು ತಡೆಹಿಡಿಯಬೇಕಾಯಿತು. ಕೋಡ್ ಮುಚ್ಚಿಟ್ಟದ್ದರಿಂದ ದೋಷ ಇಲ್ಲವಾಗಲಿಲ್ಲ, ವರ್ಷಗಟ್ಟಲೆ ಅಡಗಿ ಕುಳಿತಿತ್ತು.

ತೆರೆದಿಟ್ಟರೆ ಸಾಕೇ?

ಅದೂ ಸಾಲದು. ‘ಓಪನ್ ಸೋರ್ಸ್ ಅಂದರೆ ಸಂಪೂರ್ಣ ಸುರಕ್ಷಿತ’ ಎಂಬ ಮಾತೂ ಅಷ್ಟೇ ತಪ್ಪು. ಜಗತ್ತಿನ ಅಸಂಖ್ಯ ವೆಬ್‌ಸೈಟ್‌ಗಳು ಬಳಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ 2011ರ ಕೊನೆಯಲ್ಲಿ ಸೇರಿದ ಒಂದು ಕೊಡುಗೆಯಲ್ಲಿ ತಪ್ಪಿತ್ತು. ಸರ್ವರ್‌ನ ನೆನಪಿನಲ್ಲಿದ್ದ ಪಾಸ್‌ವರ್ಡ್, ಕೀಗಳು ಆ ಕಿಂಡಿಯಿಂದ ಸೋರಬಹುದಿತ್ತು. ‘ಹಾರ್ಟ್‌ಬ್ಲೀಡ್’ ಎಂಬ ಹೆಸರಿನಲ್ಲಿ ಅದು ಹೊರಬಂದದ್ದು 2014ರ ಏಪ್ರಿಲ್‌ನಲ್ಲಿ. ಎಲ್ಲರಿಗೂ ಕಾಣುವಂತಿದ್ದ ಕೋಡನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರೂ ಸರಿಯಾಗಿ ನೋಡಿರಲಿಲ್ಲ. ಅಷ್ಟು ಮಹತ್ವದ ಲೈಬ್ರರಿಯನ್ನು ಬೆರಳೆಣಿಕೆಯ ಜನ ಅಲ್ಪ ಹಣದಲ್ಲಿ ನಿಭಾಯಿಸುತ್ತಿದ್ದರು.

2024ರ ಘಟನೆ ಇನ್ನೂ ಗಂಭೀರ. ‘ಎಕ್ಸ್‌ಝೆಡ್’ ಎಂಬ ಲೈಬ್ರರಿಗೆ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೊಡುಗೆಗಳನ್ನೇ ಕೊಟ್ಟು ನಂಬಿಕೆ ಗಳಿಸಿದರು. ಕೊನೆಗೆ, ಸರ್ವರ್‌ಗಳಿಗೆ ಲಾಗಿನ್ ಆಗುವ ವ್ಯವಸ್ಥೆಯಲ್ಲಿ ಕಳ್ಳದಾರಿ ತೆರೆಯುವ ಕೋಡನ್ನು ಅದರಲ್ಲಿ ಸೇರಿಸಿದರು. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂದು ಗಮನಿಸಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಂಡ್ ಬೆನ್ನು ಹತ್ತಿ ಹೋಗಿ ಮಾರ್ಚ್ 29ರಂದು ಇದನ್ನು ಬಯಲು ಮಾಡಿದರು. ಕೋಡ್ ಮುಕ್ತವಾಗಿದ್ದದ್ದರಿಂದಲೇ ಅವರು ಕಾರಣ ಹುಡುಕಲು ಸಾಧ್ಯವಾಯಿತು. ಆದರೆ ಅವರು ಆ ಅರ್ಧ ಸೆಕೆಂಡನ್ನು ಕಡೆಗಣಿಸಿದ್ದರೆ ಅದು ಇನ್ನೂ ಬಹಳಷ್ಟು ಸರ್ವರ್‌ಗಳಿಗೆ ಹರಡುತ್ತಿತ್ತು.

ಹೀಗಾಗಿ ಕೋಡ್ ತೆರೆದಿದೆಯೇ ಎಂಬುದರ ಜೊತೆಗೆ ಅದನ್ನು ಓದುವವರು ಎಷ್ಟು ಜನ, ತಪ್ಪು ಸಿಕ್ಕರೆ ಎಷ್ಟು ಬೇಗ ಸರಿಪಡಿಸುತ್ತಾರೆ, ಅವರಿಗೆ ಸಂಬಳ ಕೊಡುವವರು ಯಾರು ಎಂಬುದನ್ನೂ ನಾವು ಕೇಳಬೇಕು.

ಫಾರ್ವರ್ಡ್ ಮಾಡುವ ಮುನ್ನ

ಸೋರಿದ್ದು ಏನು ಎಂದು ಮೊದಲು ನೋಡಿ. ಕೋಡ್ ಬಹಿರಂಗವಾಗಿದೆ ಎಂದಷ್ಟೇ ಇದ್ದರೆ ಗಾಬರಿ ಬೇಡ, ಬಹುಶಃ ಅದನ್ನು ಬೇಕೆಂದೇ ತೆರೆದಿಟ್ಟಿರುತ್ತಾರೆ. ಕೀ ಅಥವಾ ಜನರ ಮಾಹಿತಿ ಸೋರಿದೆ ಎಂದಿದ್ದರೆ ವಿಷಯ ಗಂಭೀರ. ಕೆಲವೊಮ್ಮೆ ಅಜಾಗರೂಕತೆಯಿಂದ ಕೋಡ್ ಜೊತೆಗೆ ಕೀಯೂ ಪ್ರಕಟವಾಗುವುದುಂಟು. ಆಗ ಸಂಬಂಧಪಟ್ಟ ಸಂಸ್ಥೆಯ ಅಧಿಕೃತ ಪ್ರಕಟಣೆ ನೋಡಿ, ಪಾಸ್‌ವರ್ಡ್ ಬದಲಿಸಿ.

ಫೋನ್ ಮತ್ತು ಆ್ಯಪ್‌ಗಳ ಅಪ್‌ಡೇಟ್ ಮುಂದೂಡಬೇಡಿ. ಲೈಬ್ರರಿಯಲ್ಲಿ ಸಿಕ್ಕ ದೋಷದ ಪರಿಹಾರ ನಿಮ್ಮ ಕೈಸೇರುವುದು ಅದರ ಮೂಲಕವೇ. ಅಧಿಕೃತ ಆ್ಯಪ್ ಸ್ಟೋರ್ ಬಿಟ್ಟು, ಗುಂಪಿನಲ್ಲಿ ಬಂದ ಎಪಿಕೆ ಫೈಲ್‌ನಿಂದ ಆ್ಯಪ್ ಹಾಕಿಕೊಳ್ಳಬೇಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ: ಕೋಡ್ ಎಷ್ಟೇ ಭದ್ರವಾಗಿದ್ದರೂ ಕೀಯನ್ನು ನಾವೇ ಕೊಟ್ಟರೆ ಬಾಗಿಲು ತೆರೆಯುತ್ತದೆ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.