ಬಾಯಿ ತಪ್ಪಿದ ಮಾತಿಗೆ ಸೀಟಿ

ಭಾನುವಾರ ಬೆಳಿಗ್ಗೆ ದೋಸೆ ತಿಂದು ಫುಟ್‌ಬಾಲ್ ಪಂದ್ಯಕ್ಕೆ ಓಡಿದ ಮಗ ಮಧ್ಯಾಹ್ನ ಮುಖ ಊದಿಸಿಕೊಂಡು ಬರುತ್ತಾನೆ. ಕೇಳಿದರೆ, "ಒಂದು ಮಾತು ಬಾಯಿ ತಪ್ಪಿ ಬಂತಮ್ಮಾ, ರೆಫರಿ ಕೆಂಪು ಕಾರ್ಡ್ ತೋರಿಸಿ ಹೊರಗೆ ಕಳಿಸಿಬಿಟ್ರು" ಅನ್ನುತ್ತಾನೆ. ಆಗ ನೀವೇನು ಮಾಡುತ್ತೀರಿ? ರೆಫರಿಗೆ ಶಾಪ ಹಾಕುತ್ತೀರೋ, ಮಗನ ಬೆನ್ನಿಗೆ ಎರಡು ಬಿಗಿಯುತ್ತೀರೋ? ಸ್ವಲ್ಪ ತಾಳಿ. ಮೊದಲು ಇಷ್ಟು ಕೇಳಿ: "ಆ ಮಾತು ಅಂದಿದ್ದು ಯಾರಿಗಪ್ಪಾ?"

ನಮ್ಮ ಅಡುಗೆಮನೆಯಲ್ಲೇ ನೋಡಿ. ಒಗ್ಗರಣೆ ಸಿಡಿದು ಕೈ ಚುರ್ ಅಂದಾಗ "ಹಾಳಾದ್ದು!" ಅಂತ ನಮ್ಮ ಬಾಯಲ್ಲೂ ಬರುತ್ತೆ. ಅದು ಬಾಣಲೆಗೆ ಅಂದದ್ದು. ಅದನ್ನೇ ಮನೆಗೆಲಸಕ್ಕೆ ಬರುವಾಕೆಗೆ ಅಂದರೆ? ಮಾತು ಒಂದೇ, ತಪ್ಪು ಬೇರೆ.

ಒಳ್ಳೆಯ ರೆಫರಿಯೂ ಹೀಗೆಯೇ ತೂಗಬೇಕು. ಫುಟ್‌ಬಾಲಿನ 12ನೇ ನಿಯಮದಂತೆ ರೆಫರಿಯ ತೀರ್ಪಿಗೆ ಎದುರಾಡಿದರೆ ಹಳದಿ ಕಾರ್ಡ್, ಅಂದರೆ ಎಚ್ಚರಿಕೆ. ಅಸಭ್ಯ, ಅವಮಾನದ, ನಿಂದನೆಯ ಮಾತಿಗೆ ಕೆಂಪು ಕಾರ್ಡ್. ಆದರೆ ಯಾವ ಮಾತು ಯಾವ ಮಟ್ಟದ್ದೆಂಬ ಪಟ್ಟಿ ಅಲ್ಲಿಲ್ಲ. ಅದು ರೆಫರಿಯ ವಿವೇಕಕ್ಕೆ ಬಿಟ್ಟದ್ದು.

ಆದ್ದರಿಂದ ಆಟಕ್ಕೆ ಮುಂಚೆಯೇ ಎರಡೂ ತಂಡದ ನಾಯಕರನ್ನು ಕರೆದು ಹೇಳಿಬಿಡುವುದು ಮೇಲು. ಗೋಲು ತಪ್ಪಿದಾಗ ಹುಡುಗ ತನ್ನನ್ನು ತಾನೇ ಬೈದುಕೊಂಡರೆ, ಹತ್ತಿರ ಹೋಗಿ ಮೆಲ್ಲಗೆ ಒಂದು ಮಾತು ಸಾಕು. ತೀರ್ಪಿಗೆ ಕೂಗಾಡಿದರೆ ಹಳದಿ ಕಾರ್ಡ್. ಹವ್ಯಾಸಿ ಮತ್ತು ಕಿರಿಯರ ಆಟದಲ್ಲಿ ಸ್ವಲ್ಪ ಹೊತ್ತು ಮಾತ್ರ ಹೊರಗೆ ಕೂರಿಸುವ ಕ್ರಮಕ್ಕೆ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಇಂಗ್ಲೆಂಡಿನಲ್ಲಿ 2019ರಿಂದ ಎದುರಾಡಿದವನನ್ನು 90 ನಿಮಿಷದ ಆಟದಲ್ಲಿ 10 ನಿಮಿಷ ಹೊರಗಿಡುವ ಕ್ರಮ ಹವ್ಯಾಸಿ ಪಂದ್ಯಗಳಿಗೆಲ್ಲ ಬಂತು. ರಚ್ಚೆ ಹಿಡಿದ ಮಗುವನ್ನು ಮೂಲೆಯಲ್ಲಿ ಕೂರಿಸಿದ ಹಾಗೆ. ಸಿಟ್ಟಿಳಿದ ಮೇಲೆ ಮತ್ತೆ ಆಟಕ್ಕೆ ಬರಬಹುದು.

ಆದರೆ ಜಾತಿ, ಮೈಬಣ್ಣ ಹಿಡಿದು ಆಡಿದರೆ, ಇನ್ನೊಬ್ಬನ ತಾಯಿ-ತಂಗಿಯರನ್ನು ಎಳೆದರೆ ಎಚ್ಚರಿಕೆ ಬೇಡ, ಕೆಂಪು ಕಾರ್ಡೇ ಸರಿ. ಯೋಚಿಸಿ ನೋಡಿ, ಗಂಡುಹುಡುಗರ ಬೈಗುಳದಲ್ಲಿ ಎಷ್ಟೊಂದು ಅಮ್ಮಂದಿರ ಮೇಲೆಯೇ! ಜಗಳ ಮೈದಾನದಲ್ಲಿ ಅವರದು, ಬೈಸಿಕೊಳ್ಳುವವರು ಮನೆಯಲ್ಲಿ ಕೂತ ನಾವು. ಅಲ್ಲಿ ಸೀಟಿ ಊದಿದ ರೆಫರಿ ನಮ್ಮ ಮಾನ ಕಾಯ್ದ ಹಾಗೆಯೇ ಅಲ್ವೇ?

ಅಳತೆಗೋಲು ಮಾತ್ರ ಒಂದೇ ಇರಬೇಕು. ಮೊದಲ ನಿಮಿಷಕ್ಕೊಂದು, ಕೊನೆಯ ನಿಮಿಷಕ್ಕೊಂದು ಆಗಬಾರದು. ರೆಫರಿಯೂ ತಿರುಗಿ ಬೈಯಬಾರದು.

ಇನ್ನು ಪಂದ್ಯ ನೋಡಲು ಹೋದ ನಾವು? ಊರಿನ ಪಂದ್ಯದಲ್ಲಿ ಸೀಟಿ ಹಿಡಿದವನು ಎಷ್ಟೋ ಸಲ ನಿಮ್ಮ ಮಗನಿಗಿಂತ ನಾಲ್ಕು ವರ್ಷ ದೊಡ್ಡವನು, ಅಷ್ಟೆ. ಅವನಿಗೂ ಮನೆಯಲ್ಲಿ ಅಮ್ಮ ಇದ್ದಾಳೆ. ಗೆರೆಯಾಚೆ ನಿಂತು ನಾವೇ ಅವನನ್ನು ಬೈದರೆ ಮಗನಿಗೆ ಯಾವ ಬಾಯಲ್ಲಿ ಬುದ್ಧಿ ಹೇಳುವುದು?

ಮಗನಿಗೆ ಊಟ ಬಡಿಸಿ. ಹೊಟ್ಟೆ ತುಂಬಿದ ಮೇಲೆ ಹೇಳಿ: "ಸೋತು ಬಾ, ಪರವಾಗಿಲ್ಲ. ಇನ್ನೊಬ್ಬರಮ್ಮನ ಹೆಸರೆತ್ತಿ ಬರಬೇಡ. ಮುಂದಿನ ಭಾನುವಾರ ಆಟಕ್ಕೆ ಮುಂಚೆ ಅವನ ಹತ್ತಿರ, ರೆಫರಿಯ ಹತ್ತಿರ 'ತಪ್ಪಾಯ್ತು' ಅಂತ ಹೇಳಿ ಬಾ."