ಕಡೆಗೋಲಿನ ಪಾಠ

ಉಡುಪಿಯ ಕೃಷ್ಣನ ಕೈಯಲ್ಲಿರುವ ಕಡೆಗೋಲಿಗೆ ಸೋರಿಕೆಯ ಚಿಂತೆಯಿಲ್ಲ. ಮೊಸರಿನ ಗಡಿಗೆಯ ಬಾಯಿ ತೆರೆದೇ ಇರುತ್ತದೆ. ರಾಸಾಯನಿಕ ಕಾರ್ಖಾನೆಯ ಕಡೆಯುವ ಯಂತ್ರಕ್ಕೆ ಈ ಭಾಗ್ಯವಿಲ್ಲ. ಅದರ ಪಾತ್ರೆಯೊಳಗೆ ಒತ್ತಡವಿರುತ್ತದೆ, ಕೆಲವೊಮ್ಮೆ ವಿಷಾನಿಲವೂ. ಹೊರಗೆ ನಿಂತು ಉಸಿರಾಡುವವನು ಕೆಲಸಗಾರ. ಮುಚ್ಚಳವನ್ನು ತೂರಿಕೊಂಡು ತಿರುಗುವ ದಂಡದ ಸುತ್ತಲಿನ ಸೀಲೇ ಅವನಿಗೆ ರಕ್ಷೆ.

ಈ ಸೀಲಿನಲ್ಲಿ ನುಣುಪಾದ ಎರಡು ಉಂಗುರಗಳು ಮುಖಕ್ಕೆ ಮುಖ ಕೊಟ್ಟಿರುತ್ತವೆ. ಒಂದು ದಂಡದೊಡನೆ ತಿರುಗುತ್ತದೆ, ಇನ್ನೊಂದು ಅಲುಗದು. ನಡುವಣ ತೆರಪು ಮಿಲಿಮೀಟರಿನ ಸಾವಿರದೊಂದು ಪಾಲಿನಷ್ಟು. ದಂಡವೋ ಉದ್ದ, ತುದಿಯಲ್ಲಿ ಅಲಗುಗಳ ಭಾರ. ದ್ರವದ ಹೊಡೆತಕ್ಕೆ ಅದು ಬಾಗಿ ನಡುಗಿದರೆ ಆ ಮುಖಗಳು ಸವೆದು ಸೋರುತ್ತವೆ. ಆಗ ಸೀಲು ಬದಲಿಸಿದರೆ ಸಾಲದು. ದಂಡದ ದಪ್ಪ, ವೇಗ, ಬೇರಿಂಗುಗಳ ಅಂತರ ಮೊದಲು ಸರಿಯಾಗಬೇಕು.

ಕಾರ್ಕಳದ ಸಮೀಪದ ನಿಟ್ಟೆಯಲ್ಲಿ 1986ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಂತ್ರವಿದ್ಯೆಯ ತರುಣರು ದಂಡದ ಬಾಗನ್ನು ಲೆಕ್ಕಹಾಕಲು ಕಲಿಯುತ್ತಾರೆ. ಅದೇ ಪಾಠ ಮನೆಯ ಮಿಕ್ಸಿಯಲ್ಲೂ ಉಂಟು: ಬುಷ್ ಸವೆದ ಜಾರಿಗೆ ಎಷ್ಟು ವಾಷರು ಹಾಕಿದರೂ ಚಟ್ನಿಯ ನೀರು ಕೆಳಗಿಳಿಯುತ್ತದೆ. ಅಡಿಗೆಮನೆಯಲ್ಲಾದರೆ ಒರಸುವ ಬಟ್ಟೆ ಸಾಕು. ಕಾರ್ಖಾನೆಯಲ್ಲಿ ಪ್ರಾಣವನ್ನೇ ತೆರಬೇಕಾದೀತು. ಕಡೆಗೋಲನ್ನು ಕಂಬಕ್ಕೆ ಹಗ್ಗದಿಂದ ಬಿಗಿದು ನೆಟ್ಟಗೆ ನಿಲ್ಲಿಸಿದ ಅಜ್ಜಿಯರು ಮೊದಲು ನೋಡಿದ್ದು ಕೋಲನ್ನೇ.