ಫಿಸಿಕ್ಸ್ ಕಲಿತವರ ದಾರಿ ಮತ್ತು ನಮ್ಮ ಹೊಣೆ

ಪಿಯುಸಿ ಫಲಿತಾಂಶ ಬಂದ ವಾರ ನಮಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. ‘ಹುಡುಗನಿಗೆ ಫಿಸಿಕ್ಸ್‌ನಲ್ಲಿ ಒಳ್ಳೆಯ ಮಾರ್ಕ್ ಉಂಟು. ನೀಟ್‌ನಲ್ಲಿ ಸೀಟಿನಷ್ಟು ಬರಲಿಲ್ಲ. ಇಂಜಿನಿಯರಿಂಗಿಗೆ ಮನಸ್ಸಿಲ್ಲ, ಬಿಎಸ್ಸಿ ಮಾಡ್ತೇನೆ ಅಂತಾನೆ. ಬಿಎಸ್ಸಿ ಮಾಡಿ ಎಂತ ಆಗ್ಲಿಕ್ಕುಂಟು?’ ಮಂಗಳೂರು, ಬಂಟ್ವಾಳ, ಪುತ್ತೂರಿನ ಮನೆಗಳಿಂದ ಮಾತ್ರ ಈ ಮಾತು ಬರುವುದಲ್ಲ. ಬೇಕರಿ, ಹೋಟೆಲ್, ಫ್ಯಾನ್ಸಿ ಅಂಗಡಿ ಎಂದು ಘಟ್ಟ ಹತ್ತಿ, ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ಪೇಟೆಗಳಲ್ಲಿ ನೆಲೆ ಕಂಡ ನಮ್ಮವರೂ ಇದನ್ನೇ ಕೇಳುತ್ತಾರೆ. ಅವರ ಚಿಂತೆ ಇನ್ನೂ ಒಂದು ಕೈ ಹೆಚ್ಚು. ಆ ನಾಲ್ಕು ಪೇಟೆಗಳಿಗೂ ರೈಲಿಲ್ಲ. ಒಳ್ಳೆಯ ಕೋಚಿಂಗ್ ಬೇಕಾದರೆ ಮಗ ಬಸ್ ಹತ್ತಿ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು, ಇಲ್ಲವೇ ಊರಿನ ಅಜ್ಜಿ ಮನೆಯಲ್ಲಿ ಬಿಟ್ಟು ಮಂಗಳೂರಿನಲ್ಲಿ ಓದಿಸಬೇಕು.

ಈ ಪ್ರಶ್ನೆಗೆ ಬಾಯಿಮಾತಿನ ಸಮಾಧಾನ ಹೇಳುವುದು ಸುಲಭ. ಅದರ ಬದಲು, ಫಿಸಿಕ್ಸ್ ಕಲಿತ ನಮ್ಮದೇ ಕರಾವಳಿಯ ಒಬ್ಬರು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿದರು ಎಂಬುದನ್ನು ಈ ವಾರ ನೋಡೋಣ.

ಪಡುಬಿದ್ರಿ ಹತ್ತಿರದ ಅದಮಾರಿನಲ್ಲಿ 1932ರ ಮಾರ್ಚ್ 10ರಂದು ಹುಟ್ಟಿದ ಉಡುಪಿ ರಾಮಚಂದ್ರ ರಾವ್, ಅಂದರೆ ಯು.ಆರ್. ರಾವ್, ಹೈಸ್ಕೂಲ್ ಓದಿದ್ದು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. ಮುಂದೆ ಇಂಟರ್‌ಮೀಡಿಯೆಟ್‌ಗೆ ಬಳ್ಳಾರಿಯ ವೀರಶೈವ ಕಾಲೇಜು, ಬಿಎಸ್ಸಿಗೆ ಅನಂತಪುರದ ಸರಕಾರಿ ಕಾಲೇಜು, ಎಂಎಸ್ಸಿಗೆ ಬನಾರಸ್. ಓದು ಎಲ್ಲಿ ಸಿಕ್ಕಿತೋ ಅಲ್ಲಿಗೆ ಹೋದರು. ಕಾಲೇಜು ದೂರ ಎಂದು ಮಗನ ಓದು ನಿಲ್ಲಿಸುವ ಯೋಚನೆಯಲ್ಲಿರುವ ಮನೆಯವರು ಈ ಊರುಗಳ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಎಂಎಸ್ಸಿ ಆದ ಮೇಲೆ ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಅವರ ಕೈಕೆಳಗೆ ಕಾಸ್ಮಿಕ್ ಕಿರಣಗಳ ಬಗ್ಗೆ ಪಿಎಚ್‌ಡಿ ಮಾಡಿದರು. ಆಕಾಶದಿಂದ ಭೂಮಿಗೆ ಸದಾ ಬೀಳುತ್ತಿರುವ, ಕಣ್ಣಿಗೆ ಕಾಣದ ಕಣಗಳ ಅಭ್ಯಾಸ ಅದು. ಮನೆಯವರ ಲೆಕ್ಕದಲ್ಲಿ ‘ಎಂತ ಆಗ್ಲಿಕ್ಕುಂಟು’ ಎಂದು ಕೇಳಬೇಕಾದ ವಿಷಯವೇ!

ಅಲ್ಲಿಂದ ಅಮೆರಿಕದ ಎಂಐಟಿ, ಟೆಕ್ಸಾಸ್. ಸೂರ್ಯನಿಂದ ಎಡೆಬಿಡದೆ ಬೀಸುವ ಸೌರಮಾರುತವನ್ನು ಮ್ಯಾರಿನರ್-2 ನೌಕೆಯ ಅಳತೆಗಳಿಂದ ಅಭ್ಯಾಸ ಮಾಡಿದವರಲ್ಲಿ ಅವರೂ ಒಬ್ಬರು. ಪಯೋನಿಯರ್, ಎಕ್ಸ್‌ಪ್ಲೋರರ್ ನೌಕೆಗಳ ಪ್ರಯೋಗಗಳಲ್ಲೂ ಕೆಲಸ ಮಾಡಿದರು. ಅಲ್ಲೇ ಇರಬಹುದಿತ್ತು. 1966ರಲ್ಲಿ ಅಹಮದಾಬಾದಿಗೆ ಮರಳಿದರು.

ಅವರ ದಾರಿ ತಿರುಗಿದ್ದು 1972ರಲ್ಲಿ. ಭಾರತದ ಮೊದಲ ಉಪಗ್ರಹ ಕಟ್ಟುವ ಹೊಣೆ ಅವರಿಗೆ ಬಂತು. ಕೆಲಸ ನಡೆದದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ, ತಗಡಿನ ಮಾಡಿನ ಶೆಡ್ಡುಗಳಲ್ಲಿ. ತಂಡದ ಹೆಚ್ಚಿನವರು ಅದುವರೆಗೆ ಉಪಗ್ರಹ ಕಂಡವರೇ ಅಲ್ಲ. ಜಾಗ ಸಾಲದೆ, ಉಪಗ್ರಹದಿಂದ ಬರುವ ಮಾಹಿತಿ ಪಡೆಯಲು ಒಂದು ಶೌಚಾಲಯವನ್ನೇ ತಿದ್ದಿ ಕೋಣೆ ಮಾಡಿಕೊಂಡರು. ಸುಮಾರು ಮೂರು ವರ್ಷದಲ್ಲಿ ಕೆಲಸ ಮುಗಿಯಿತು. 1975ರ ಏಪ್ರಿಲ್ 19ರಂದು 360 ಕಿಲೋ ತೂಕದ ಆರ್ಯಭಟ ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಕೆಲವೇ ದಿನದಲ್ಲಿ ವಿದ್ಯುತ್ತಿನ ತೊಂದರೆಯಾಗಿ ಅದರೊಳಗಿನ ವಿಜ್ಞಾನ ಪ್ರಯೋಗಗಳು ನಿಂತವು. ಆದರೆ ಉಪಗ್ರಹ ಕಟ್ಟುವುದು ಹೇಗೆಂದು ಕಲಿತ ಒಂದು ತಂಡ ದೇಶಕ್ಕೆ ಸಿಕ್ಕಿತು. ಪರೀಕ್ಷೆಯಲ್ಲಿ ಒಮ್ಮೆ ಹಿಂದೆ ಬಿದ್ದ ಮಗನನ್ನು ‘ಮುಗಿಯಿತು ನಿನ್ನ ಕಥೆ’ ಎನ್ನುವ ಮೊದಲು ನಾವು ಇದನ್ನು ನೆನೆಯುವುದು ಒಳ್ಳೆಯದು.

ಕಾಸ್ಮಿಕ್ ಕಿರಣದ ವಿಜ್ಞಾನಿ ಹೀಗೆ ಮಾಹಿತಿ ತಂತ್ರಜ್ಞಾನದ ಮನೆಗೆ ಬಂದರು. 1981ರಲ್ಲಿ ಆ್ಯಪಲ್ ಎಂಬ ಪ್ರಾಯೋಗಿಕ ಸಂಪರ್ಕ ಉಪಗ್ರಹ ಮೇಲೇರಿತು. ಅದನ್ನು ಪರೀಕ್ಷೆಗೆ ಎತ್ತಿನ ಗಾಡಿಯಲ್ಲಿಟ್ಟ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. 1984ರಿಂದ 1994ರವರೆಗೆ ಅವರು ಇಸ್ರೋ ಅಧ್ಯಕ್ಷರು. 1992ರಲ್ಲಿ ಇನ್‌ಸ್ಯಾಟ್-2ಎ ನಮ್ಮಲ್ಲೇ ತಯಾರಾಗಿ ಹೋಯಿತು. ಟಿವಿ, ದೂರವಾಣಿ, ಹವಾಮಾನ ಎಲ್ಲಕ್ಕೂ ಇನ್‌ಸ್ಯಾಟ್ ಸಾಲಿನ ಉಪಗ್ರಹಗಳು ಬೇಕಾದವು. ಗಲ್ಫಿನಿಂದ ಬರುವ ಒಂದು ಫೋನಿಗಾಗಿ ಎಸ್‌ಟಿಡಿ ಬೂತಿನ ಮುಂದೆ ಕಾದ ಕಾಲ ನಮ್ಮ ಉಮ್ಮಂದಿರಿಗೆ ಮರೆತಿಲ್ಲ. ದೂರವನ್ನು ಹತ್ತಿರ ಮಾಡಿದ ಆ ಬದಲಾವಣೆಯಲ್ಲಿ ಅದಮಾರಿನ ಈ ಫಿಸಿಕ್ಸ್ ವಿದ್ಯಾರ್ಥಿಯ ಪಾಲೂ ಇದೆ.

ಇನ್ನು ಕಲಿಸುವ ಮಾತು. ಉಪಗ್ರಹ ಪಾಠ ಹೇಳಬಲ್ಲದೇ ಎಂಬ ಪ್ರಯೋಗ ನಡೆದದ್ದೂ 1975ರಲ್ಲೇ. ಆ ವರ್ಷ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಿದರು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ ಕೃಷಿ, ಆರೋಗ್ಯದ ಕಾರ್ಯಕ್ರಮ. ಇದಕ್ಕೆ ಸೈಟ್ ಎಂದು ಹೆಸರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು ಮತ್ತು ಆಗಿನ ಅವಿಭಜಿತ ಬಿಜಾಪುರ ಜಿಲ್ಲೆಯ ಹಳ್ಳಿಗಳನ್ನು. ರಾಮದುರ್ಗದ ಗಡಿ ದಾಟಿದರೆ ಅದೇ ಸೀಮೆ. ಮೂರು ದಶಕದ ಬಳಿಕ, 2004ರ ಸೆಪ್ಟೆಂಬರ್ 20ರಂದು, ಪಾಠಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹೋಯಿತು. ಅದರ ಪಾಠಗಳನ್ನು ಮೊದಲ ಹಂತದಲ್ಲೇ ನಡೆಸಿದ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಟಿಯು ಒಂದು. ಇಂದು ಬೈಲಹೊಂಗಲದ ಹುಡುಗಿ ಮೊಬೈಲಿನಲ್ಲಿ ಫಿಸಿಕ್ಸ್ ಪಾಠ ನೋಡುವಾಗ, ಅದು ಹೀಗೆ ಬಹಳ ಹಿಂದೆ ಶುರುವಾದ ಕೆಲಸದ ಮುಂದುವರಿಕೆ.

ನಿವೃತ್ತಿಯ ನಂತರವೂ ರಾವ್ ಸುಮ್ಮನೆ ಕೂರಲಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಆ ತಾರಾಲಯವನ್ನು ನಿರ್ದೇಶಕರಾಗಿ ಕಟ್ಟಿದವರು ಇನ್ನೊಬ್ಬ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ. ಕಪ್ಪುರಂಧ್ರವನ್ನು ಕದಲಿಸಿದರೆ ಅದು ಬಡಿದ ಗಂಟೆಯ ಹಾಗೆ ಹೇಗೆ ಅನುರಣಿಸಿ ಶಾಂತವಾಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಅವರು. ಗುರುತ್ವದ ಅಲೆಗಳನ್ನು ಉಪಕರಣಗಳು ಮೊದಲ ಸಲ ಹಿಡಿದದ್ದು 2015ರಲ್ಲಿ. ಇಷ್ಟು ದೊಡ್ಡ ಕೆಲಸ ಮಾಡಿದವರು ಬಿಎಸ್ಸಿ ಓದುವ ಮಕ್ಕಳಿಗಾಗಿ ತಾರಾಲಯದಲ್ಲಿ, ಕಾಲೇಜಿನ ಹೊತ್ತಿನ ಹೊರಗೆ, ಫಿಸಿಕ್ಸ್ ತರಗತಿ ನಡೆಸುವ ವ್ಯವಸ್ಥೆ ಮಾಡಿದರು. ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ ಎಚ್. ನರಸಿಂಹಯ್ಯನವರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಮೇಷ್ಟ್ರಾಗಿಯೇ, ವಿದ್ಯಾರ್ಥಿಗಳ ಹಾಸ್ಟೆಲಿನ ಕೋಣೆಯಲ್ಲೇ ಉಳಿದರು. ನಮ್ಮ ಕೊಣಾಜೆಗೂ ಈ ನಂಟು ಉಂಟು. ಸವದತ್ತಿಯ ಹೆಸರನ್ನೇ ಹೊತ್ತ ಪ್ರೊ. ಎಂ.ಐ. ಸವದತ್ತಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಫಿಸಿಕ್ಸ್ ಪ್ರಾಧ್ಯಾಪಕರು. 1990ರ ದಶಕದ ಮೊದಲ ವರ್ಷಗಳಲ್ಲಿ ಮಂಗಳೂರು ವಿಶ್ವವಿದ್ಯಾಲಯವನ್ನು ನಡೆಸಿದ ಕುಲಪತಿ ಅವರೇ.

ಇಷ್ಟೆಲ್ಲ ಹೇಳಿದ್ದು ಪ್ರತಿ ಮನೆಯಲ್ಲೂ ಒಬ್ಬ ಯು.ಆರ್. ರಾವ್ ಹುಟ್ಟುತ್ತಾನೆ ಎಂದಲ್ಲ. ಸೀಟು, ಕೆಲಸ, ಸಂಬಳದ ಚಿಂತೆ ನಿಜವಾದದ್ದು. ಮನೆ ಸಾಲ ಇರುವವರಿಗೆ ಕಪ್ಪುರಂಧ್ರದ ಕಥೆ ಹೊಟ್ಟೆ ತುಂಬಿಸದು. ಆದರೆ ಫಿಸಿಕ್ಸ್ ಕಲಿತವನಿಗೆ ಒಂದೇ ಬಾಗಿಲು ಎಂಬ ನಂಬಿಕೆ ಸರಿಯಲ್ಲ. ಅಳೆಯುವುದು, ಅಳತೆಯ ತಪ್ಪನ್ನು ಲೆಕ್ಕ ಹಾಕುವುದು, ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆದು ಪರೀಕ್ಷಿಸುವುದು ಆ ಓದಿನ ಭಾಗ. ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಡೇಟಾ ಕೆಲಸಕ್ಕೆ ಬೇಕಾಗುವುದೂ ಇದೇ. ನಾವೆಲ್ಲ ದಿನವೂ ಬಳಸುವ ವೆಬ್‌ನ ಕಥೆಯೂ ಹಾಗೆ. ಅದನ್ನು 1989ರಲ್ಲಿ ರೂಪಿಸಿದ ಟಿಮ್ ಬರ್ನರ್ಸ್-ಲೀ ಆಕ್ಸ್‌ಫರ್ಡಿನಲ್ಲಿ ಓದಿದ್ದು ಫಿಸಿಕ್ಸ್. ಆಗ ಅವರು ಇದ್ದದ್ದು ಜಿನೀವಾದ ಭೌತವಿಜ್ಞಾನ ಪ್ರಯೋಗಾಲಯದಲ್ಲಿ.

ಮೂರನೆಯ ಬಾಗಿಲು ಕಲಿಸುವುದು. ‘ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳ್ತಾನೆ’ ಎಂದು ಮದುವೆ ಮಾತುಕತೆಯಲ್ಲಿ ಸ್ವರ ತಗ್ಗಿಸುವವರಿದ್ದಾರೆ. ಯಾಕೆ ತಗ್ಗಿಸಬೇಕು? ನೀಟ್‌ನ 720 ಅಂಕಗಳಲ್ಲಿ 180 ಫಿಸಿಕ್ಸಿನದು. ಸಿಇಟಿಯಲ್ಲಿ 60 ಅಂಕ. ಜೆಇಇಯಲ್ಲಿ ಮೂರನೇ ಒಂದು ಪಾಲು. ಡಾಕ್ಟರ್ ಆಗಬೇಕೆಂಬ ಮಕ್ಕಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಹಾಗಿರುವಾಗ ನಮ್ಮ ಊರಿಗೆ ಹತ್ತು ಡಾಕ್ಟರ್ ಬೇಕಾದರೆ ಮೊದಲು ಒಬ್ಬ ಒಳ್ಳೆಯ ಫಿಸಿಕ್ಸ್ ಮೇಷ್ಟ್ರು ಬೇಕು. ಅದರಲ್ಲೂ ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಕೈಗೆ ಬಂದಾಗ ಕಂಗಾಲಾಗುವ ಮಕ್ಕಳಿಗೆ, ಅದೇ ಪಾಠವನ್ನು ಅವರ ಮಾತಿನಲ್ಲಿ ಬಿಡಿಸಿ ಹೇಳುವವರು ಬೇಕು. ಈ ತೊಂದರೆ ಸವದತ್ತಿಯಲ್ಲೂ ಉಂಟು, ನಮ್ಮ ಬೆಳ್ತಂಗಡಿಯಲ್ಲೂ ಉಂಟು.

ಹಾಗಾದರೆ ನಾವೆಲ್ಲ ಮಾಡಬೇಕಾದ್ದು ಎಂತ?

ಮೊದಲನೆಯದು ಮನೆಯಲ್ಲಿ. ಫಿಸಿಕ್ಸ್ ಇಷ್ಟ ಎನ್ನುವ ಮಕ್ಕಳಿಗೆ ಬೇಡ ಎನ್ನುವ ಮೊದಲು ದಾರಿಗಳನ್ನು ವಿಚಾರಿಸಿ. ಬಿಎಸ್ಸಿ ನಂತರ ‘ಜಾಮ್’ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂಎಸ್ಸಿ ಓದಬಹುದು. ಮೇಷ್ಟ್ರಾಗುವ ಆಸೆ ಇದ್ದವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿಎಸ್ಸಿ, ಬಿಎಡ್ ಒಟ್ಟಿಗೇ ನಾಲ್ಕು ವರ್ಷದಲ್ಲಿ ಮುಗಿಯುತ್ತದೆ. ಪಿಯುಸಿಯಲ್ಲಿ ಅತಿ ಮೇಲಿನ ಅಂಕ ಪಡೆದು ಮೂಲ ವಿಜ್ಞಾನ ಓದುವವರಿಗೆ ಕೇಂದ್ರ ಸರಕಾರ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80 ಸಾವಿರ ರೂಪಾಯಿಯ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ. ಎಂಎಸ್ಸಿ ಬಳಿಕ ಜೆಆರ್‌ಎಫ್ ಸಿಕ್ಕಿದರೆ ತಿಂಗಳಿಗೆ 37 ಸಾವಿರ ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಇವೆಲ್ಲ ಅರ್ಹತೆಯ ಮೇಲೆ ಸಿಗುವಂಥವು. ಅರ್ಜಿ ಹಾಕದಿದ್ದರೆ ಅರ್ಹತೆ ಇದ್ದೂ ಸಿಗದು.

ಎರಡನೆಯದು ಜಮಾಅತ್‌ಗಳಲ್ಲಿ. ಎಂಬಿಬಿಎಸ್ ಸೀಟು ಸಿಕ್ಕಿದ ಮಕ್ಕಳಿಗೆ ಸನ್ಮಾನ, ಸಹಾಯಧನ ಎರಡೂ ಇವೆ. ಸಂತೋಷ. ಅದೇ ಪಟ್ಟಿಯಲ್ಲಿ ಬಿಎಸ್ಸಿ, ಎಂಎಸ್ಸಿ ಓದುವವರ ಹೆಸರೂ ಬರಲಿ. ನಮ್ಮ ಮೊಹಲ್ಲಾಗಳ ಸಭಾಂಗಣಗಳು, ಮದ್ರಸ ಕೋಣೆಗಳು ಎಷ್ಟೋ ಹೊತ್ತು ಖಾಲಿ ಇರುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಎರಡು ಗಂಟೆ ಅಲ್ಲಿ ಫಿಸಿಕ್ಸ್, ಗಣಿತ ಪಾಠ ನಡೆಯಬಹುದು. ಊರಲ್ಲೇ ಇರುವ ಒಬ್ಬಿಬ್ಬರು ಪದವೀಧರರಿಗೆ ಗೌರವಧನ ಕೊಟ್ಟು ಹೊಣೆ ಒಪ್ಪಿಸಿದರೆ ಸಾಕು. ಧರ್ಮಕ್ಕೆ ದುಡಿಯಿರಿ ಎಂದು ಯುವಕರನ್ನು ವರ್ಷಗಟ್ಟಲೆ ಕೇಳುವುದು ನ್ಯಾಯವಲ್ಲ. ಪಾಠಕ್ಕೆ ಅಕ್ಕಪಕ್ಕದ ಎಲ್ಲ ಮಕ್ಕಳೂ ಬರಲಿ. ಕಟ್ಟಡ ಆಗಲಿ, ಎಸಿ ಬರಲಿ, ಉದ್ಘಾಟನೆಗೆ ಮಂತ್ರಿಗಳು ಸಿಗಲಿ ಎಂದು ಕಾಯುವವರಿಗೆ ಪೀಣ್ಯದ ಶೆಡ್ಡಿನ ಕಥೆ ಮೇಲೆ ಹೇಳಿದ್ದೇವೆ.

ಮೂರನೆಯದು ಘಟ್ಟದ ಮೇಲಿನ ನಮ್ಮವರಿಗಾಗಿ. ಪಿಯುಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಸದಾ ಮೇಲಿನ ಸ್ಥಾನದಲ್ಲಿವೆ. ಕಲಿಸುವವರು ನಮ್ಮಲ್ಲಿದ್ದಾರೆ ಎಂದೇ ಅರ್ಥ. ವಾರಕ್ಕೆ ಎರಡು ಸಂಜೆ ಇಲ್ಲಿಂದ ಒಬ್ಬರು ವಿಡಿಯೊ ಕಾಲಿನಲ್ಲಿ ಪಾಠ ಹೇಳಿದರೆ, ರಾಮದುರ್ಗದಲ್ಲೋ ಕಿತ್ತೂರಿನಲ್ಲೋ ಅಂಗಡಿ ಮುಚ್ಚಿದ ಮೇಲೆ ಹತ್ತು ಮಕ್ಕಳು ಒಂದು ಕೋಣೆಯಲ್ಲಿ ಕೂತು ಕೇಳಬಹುದು. ಉಪಗ್ರಹ ಎರವಲು ಪಡೆದು ಮಾಡಿದ್ದನ್ನು ಈಗ ಒಂದು ಮೊಬೈಲ್ ಮಾಡುತ್ತದೆ. ಆದರೆ ಮೊಬೈಲ್ ಒಂದೇ ಸಾಲದು. ಲೆಕ್ಕ ಎಲ್ಲಿ ತಪ್ಪಿತು ಎಂದು ನೋಟ್ ಬುಕ್ ನೋಡಿ ಹೇಳುವ ಒಬ್ಬರು ಆ ಕೋಣೆಯಲ್ಲೂ ಇರಬೇಕು. ಆ ಊರಿನ ಪದವೀಧರರನ್ನು ಹುಡುಕಿ ಜೊತೆ ಮಾಡಿಕೊಳ್ಳುವುದು ಅಲ್ಲಿನವರ ಕೆಲಸ.

ಹೆಣ್ಣುಮಕ್ಕಳ ಮಾತು ಬಿಟ್ಟರೆ ಇದು ಅರ್ಧ ಮಾತು. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಬಾಲಕಿಯರ ವಸತಿ ಸೈನಿಕ ಶಾಲೆ 1969ರಿಂದ ನಡೆದು ಬಂದಿದೆ. ಆ ಕಾಲದಲ್ಲೇ ಹೆಣ್ಣುಮಕ್ಕಳನ್ನು ಸೈನಿಕ ಶಾಲೆಗೆ ಕಳಿಸಿದ ಮನೆಗಳಿದ್ದವು. ನಮ್ಮ ಹುಡುಗಿಯರು ಪಿಯುಸಿ ವಿಜ್ಞಾನದಲ್ಲಿ ಚೆನ್ನಾಗಿಯೇ ಓದುತ್ತಾರೆ, ಬಿಎಸ್ಸಿಯನ್ನೂ ಮುಗಿಸುತ್ತಾರೆ. ಅಲ್ಲಿಗೆ ನಿಲ್ಲಿಸುವವರು ನಾವು. ಮೇಲೆ ಹೇಳಿದ ಭಾನುವಾರದ ತರಗತಿಗಳಿಗೆ ಪಾಠ ಹೇಳಲು ಮೊದಲು ಕೇಳಬೇಕಾದ್ದು ಮನೆಯಲ್ಲೇ ಇರುವ ಈ ಪದವೀಧರ ಹೆಣ್ಣುಮಕ್ಕಳನ್ನು.

ಮುಂದಿನ ಫಲಿತಾಂಶಕ್ಕೂ ಫೋನುಗಳು ಬರುತ್ತವೆ. ‘ಎಂತ ಆಗ್ಲಿಕ್ಕುಂಟು’ ಎಂದು ಕೇಳುವವರಿಗೆ ನಮ್ಮದೂ ಒಂದು ಕೋರಿಕೆ ಇದೆ. ಕೇಳುವ ಮೊದಲು ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿ, ಆ ಪುಸ್ತಕದಲ್ಲಿ ನಿನಗೆ ಇಷ್ಟ ಆದದ್ದು ಯಾವುದು ಎಂದು ವಿಚಾರಿಸಿ. ನಿಮ್ಮ ಜಮಾಅತ್‌ನಲ್ಲಿ ತರಗತಿ ಶುರು ಮಾಡುವ ಮನಸ್ಸಿದ್ದರೆ ಈ ಪುಟಕ್ಕೆ ಬರೆಯಿರಿ. ಪಾಠ ಹೇಳಲು ತಯಾರಿರುವವರೂ ಬರೆಯಲಿ. ಇಬ್ಬರನ್ನೂ ಒಂದುಗೂಡಿಸುವ ಕೆಲಸ ನಾವು ಮಾಡುತ್ತೇವೆ.